ಕಿರಾಣಿ ಅಂಗಡಿಯಿಂದ ಸೂಪರ್ ಬೌಲ್‌ವರೆಗೆ: ಕರ್ಟ್ ವಾರ್ನರ್‌ನದು ಬರೀ ಅದೃಷ್ಟವಾ?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಮೇಷ್ಟ್ರು. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಮೊಮ್ಮಗ ಅಲ್ಲಿನ ಹೈಸ್ಕೂಲ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ, ಕ್ವಾರ್ಟರ್‌ಬ್ಯಾಕ್ ಅಂತೆ. ಫೋನ್ ಮಾಡಿದಾಗಲೆಲ್ಲ ಕರ್ಟ್ ವಾರ್ನರ್ ಅನ್ನುವವನ ಕಥೆ ಹೇಳುತ್ತಾನೆ. ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು ಮುಂದೆ ಅಲ್ಲಿನ ಅತಿ ದೊಡ್ಡ ಕಪ್ ಗೆದ್ದನಂತೆ. ಇದು ನಿಜವೇ? ನಿಜವಾದರೆ ಬರೀ ಅದೃಷ್ಟವೇ? ಈ ಆಟವನ್ನು ನೆಚ್ಚಿಕೊಂಡು ಬದುಕಬಹುದೇ? ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೇಷ್ಟ್ರೇ, ಕಥೆ ನಿಜ. ಅಂಗಡಿ ನಿಜ, ಕಪ್ಪೂ ನಿಜ. ಆದರೆ ಅಂಗಡಿಗೂ ಕಪ್ಪಿಗೂ ನಡುವೆ ಐದು ವರ್ಷ ಇದೆ, ಕಥೆ ಹೇಳುವವರು ಸಾಮಾನ್ಯವಾಗಿ ಆ ಐದು ವರ್ಷವನ್ನು ಹಾರಿಸಿಬಿಡುತ್ತಾರೆ. ಹಾರಿಸಿದರೆ ಅದು ಲಾಟರಿ ಹೊಡೆದ ಹಾಗೇ ಕಾಣುತ್ತದೆ. ನಿಮ್ಮ ಮೊಮ್ಮಗನಿಗೆ ಬೇಕಾಗಿರುವುದು ಆ ಐದು ವರ್ಷದ ಲೆಕ್ಕ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ನೋಡೋಣ. ಒಂದೊಂದು ತಂಡದಿಂದ 11 ಜನ ಮೈದಾನದಲ್ಲಿರುತ್ತಾರೆ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ 4 ಅವಕಾಶ. ಅಷ್ಟರಲ್ಲಿ 10 ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ 4 ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಡುವವನಿಗೆ ಕೊಡಬಹುದು, ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬಹುದು, ತಾನೇ ಓಡಬಹುದು.

ಎಸೆಯುವುದು ಕಷ್ಟದ ಭಾಗ ಅಂತ ನೋಡುವವರಿಗೆ ಅನ್ನಿಸುತ್ತದೆ. ಅಲ್ಲ. ಎಸೆಯುವುದಕ್ಕೆ ಮುಂಚಿನದು ಕಷ್ಟ. ಒಂದು ಆಟ, ಅಂದರೆ ಆ ನಾಲ್ಕರಲ್ಲಿ ಒಂದು ಅವಕಾಶ, ಮುಗಿದ ಮೇಲೆ ಮುಂದಿನದನ್ನು ಶುರು ಮಾಡಲು 40 ಸೆಕೆಂಡ್ ಇರುತ್ತದೆ. ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್ಎಫ್ಎಲ್‌ನಲ್ಲಿ ಕೋಚ್ ಮುಂದಿನ ಯೋಜನೆಯನ್ನು ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್‌ನೊಳಗಿನ ಸ್ಪೀಕರ್‌ಗೆ ಹೇಳುತ್ತಾನೆ. 15 ಸೆಕೆಂಡ್ ಉಳಿದಾಗ ಆ ರೇಡಿಯೋ ತಾನಾಗಿ ಬಂದ್ ಆಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ. ಎದುರು ನಿಂತಿರುವ 11 ಜನರನ್ನು ನೋಡಿ ಇವರಲ್ಲಿ ಯಾರು ನನ್ನ ಮೇಲೆ ನುಗ್ಗುತ್ತಾರೆ, ಯಾರು ನುಗ್ಗುವ ನಾಟಕ ಆಡುತ್ತಿದ್ದಾರೆ, ಹಿಂದೆ ಕಾಯುವವರು ಒಬ್ಬರಾ ಇಬ್ಬರಾ, ಕೋಚ್ ಕೊಟ್ಟ ಯೋಜನೆ ಇದಕ್ಕೆ ನಡೆಯುತ್ತದಾ ಇಲ್ಲಾ ಬದಲಿಸಬೇಕಾ, ಇಷ್ಟನ್ನೂ ತೀರ್ಮಾನಿಸಬೇಕು. 70 ಸಾವಿರ ಜನ ಕಿರುಚುತ್ತಿರುವಾಗ ತನ್ನವರಿಗೆ ಕೈಸನ್ನೆಯಲ್ಲಿ ಹೇಳಬೇಕು. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಸುಮಾರು ಮೂರು ಸೆಕೆಂಡ್, ಕೆಲವೊಮ್ಮೆ ಅದೂ ಇಲ್ಲ.

ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಬರೀ ವಿಡಿಯೋ ನೋಡಿಯೂ ಬರುವುದಿಲ್ಲ. ಆಡಿ ಆಡಿಯೇ ಬರಬೇಕು. ಇಡೀ ಉತ್ತರದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ತೊಂದರೆ ಏನು ಗೊತ್ತಾ? ಆಡುವ ಜಾಗ ತಂಡಕ್ಕೆ ಒಂದೇ ಒಂದು. ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಜಾಗ ಇದ್ದ ಹಾಗೆ. ಧೋನಿ ಇದ್ದಷ್ಟು ಕಾಲ ದಿನೇಶ್ ಕಾರ್ತಿಕ್ ಎಷ್ಟು ಕಾದರು ನೆನಪಿಸಿಕೊಳ್ಳಿ. ಕಾರ್ತಿಕ್‌ಗೆ ಬ್ಯಾಟ್ಸ್‌ಮನ್ ಆಗಿಯಾದರೂ ತಂಡಕ್ಕೆ ಬರುವ ದಾರಿ ಇತ್ತು. ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ ಅದೂ ಇಲ್ಲ. ಗಡಿಯ ಆಚೆ ಫಲಕ ಹಿಡಿದು ನಿಲ್ಲುತ್ತಾನೆ, ವಾರಪೂರ್ತಿ ಅಭ್ಯಾಸದಲ್ಲೂ ಹೆಚ್ಚಿನ ಪಾಲು ಮೊದಲನೆಯವನಿಗೇ ಹೋಗುತ್ತದೆ. ಇವತ್ತು ಎನ್ಎಫ್ಎಲ್‌ನಲ್ಲಿ 32 ತಂಡ. ಅಂದರೆ ಇಡೀ ದೇಶಕ್ಕೆ ಆ ಕುರ್ಚಿ 32.

ಈಗ ವಾರ್ನರ್. ಹುಟ್ಟಿದ್ದು 1971, ಅಯೋವಾ ರಾಜ್ಯದಲ್ಲಿ. ಅದು ಜೋಳ ಬೆಳೆಯುವ ಸೀಮೆ. ಓದಿದ್ದು ಅಲ್ಲಿನದೇ ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ. ಇದು ದೊಡ್ಡ ಫುಟ್‌ಬಾಲ್ ಕಾಲೇಜು ಅಲ್ಲ, ಎರಡನೇ ಸಾಲಿನದು. ಅಲ್ಲಿಯೂ ಅವನು ನಾಲ್ಕು ವರ್ಷ ಬೇರೆಯವರ ಹಿಂದೆ ಕಾದ. ಐದನೇ ವರ್ಷ, 1993ರಲ್ಲಿ, ಜಾಗ ಸಿಕ್ಕಿತು. ಸಿಕ್ಕಿದ್ದೇ ತಡ ತಮ್ಮ ಗುಂಪಿನ ಕಾಲೇಜುಗಳಲ್ಲೇ ಅತ್ಯುತ್ತಮ ದಾಳಿ ಆಟಗಾರ ಅನ್ನಿಸಿಕೊಂಡ. ಆದರೆ ಒಂದು ವರ್ಷದ ಆಟ ನೋಡಿ ಯಾರು ನಂಬುತ್ತಾರೆ? 1994ರ ಡ್ರಾಫ್ಟ್‌ನಲ್ಲಿ ಏಳು ಸುತ್ತು ಮುಗಿದರೂ ಅವನ ಹೆಸರು ಬರಲಿಲ್ಲ. ಡ್ರಾಫ್ಟ್ ಅಂದರೆ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವುದು. ಐಪಿಎಲ್ ಹರಾಜಿನ ಹಾಗೆ ಹಣ ಕೂಗುವುದಿಲ್ಲ.

ಗ್ರೀನ್ ಬೇ ಪ್ಯಾಕರ್ಸ್ ತಂಡ ಅವನನ್ನು ಶಿಬಿರಕ್ಕೆ ಕರೆಯಿತು. ಅಲ್ಲಿ ಅವನಿಗಿಂತ ಮುಂದೆ ಯಾರಿದ್ದರು ನೋಡಿ: ಬ್ರೆಟ್ ಫಾವ್, ಮಾರ್ಕ್ ಬ್ರೂನೆಲ್, ಟೈ ಡೆಟ್ಮರ್. ಫಾವ್ ಮರುವರ್ಷದಿಂದ ಸತತ ಮೂರು ಸಲ ಲೀಗ್‌ನ ಅತ್ಯುತ್ತಮ ಆಟಗಾರನಾದ. ಬ್ರೂನೆಲ್ ಬೇರೆ ತಂಡಕ್ಕೆ ಹೋಗಿ ವರ್ಷಗಟ್ಟಲೆ ಮೊದಲನೆಯವನಾಗಿ ಆಡಿದ. ನಾಲ್ಕನೆಯವನ ಪಾಲಿಗೆ ಅಭ್ಯಾಸದಲ್ಲಿ ಏನೂ ಉಳಿಯುವುದಿಲ್ಲ. ಒಂದು ದಿನ ಕ್ವಾರ್ಟರ್‌ಬ್ಯಾಕ್ ಕೋಚ್ ಸ್ಟೀವ್ ಮರಿಯೂಚಿ 'ಹೋಗು, ಆಡು' ಅಂದಾಗ ವಾರ್ನರ್ ಒಲ್ಲೆ ಅಂದ. ಯೋಜನೆಗಳು ಇನ್ನೂ ತಲೆಗೆ ಹತ್ತಿರಲಿಲ್ಲ, ಹೋಗಿ ಅವಮಾನ ಆಗುವುದು ಬೇಡ ಅಂತ. ಇದನ್ನು ಅವನೇ ಎಷ್ಟೋ ಕಡೆ ಹೇಳಿಕೊಂಡಿದ್ದಾನೆ. ಶಿಬಿರ ಮುಗಿಯುವ ಮುಂಚೆಯೇ ಮನೆಗೆ ಕಳಿಸಿದರು.

ಅಂಗಡಿ ಬರುವುದು ಇಲ್ಲಿ. ಸೀಡರ್ ಫಾಲ್ಸ್ ಊರಿನ ಹೈ-ವೀ ಅನ್ನುವ ಕಿರಾಣಿ ಮಳಿಗೆಯಲ್ಲಿ ರಾತ್ರಿ ಪಾಳಿ. ಗಂಟೆಗೆ 5.50 ಡಾಲರ್. ರಟ್ಟಿನ ಪೆಟ್ಟಿಗೆ ಒಡೆದು ಡಬ್ಬಿಗಳನ್ನು ಶೆಲ್ಫಿಗೆ ಜೋಡಿಸುವ ಕೆಲಸ. ಆದರೆ ಕಥೆ ಹೇಳುವವರು ಬಿಟ್ಟುಬಿಡುವ ಸಂಗತಿ ಒಂದಿದೆ. ರಾತ್ರಿ ಆ ಕೆಲಸ ಮಾಡಿ ಹಗಲು ಅವನು ತಾನು ಓದಿದ ಕಾಲೇಜಿನ ತಂಡಕ್ಕೆ ಸಹಾಯಕ ಕೋಚ್ ಆಗಿ ಹೋಗುತ್ತಿದ್ದ. ಆಟ ಬಿಟ್ಟು ಅಂಗಡಿ ಸೇರಿದವನಲ್ಲ. ಆಟದಲ್ಲೇ ಉಳಿಯಲು ಅಂಗಡಿ ಸೇರಿದವನು. ಎರಡಕ್ಕೂ ಅಜಗಜಾಂತರ ಅಲ್ವಾ?

1995ರಲ್ಲಿ ಅವನಿಗೆ ಅರೀನಾ ಫುಟ್‌ಬಾಲ್‌ನಲ್ಲಿ ಕೆಲಸ ಸಿಕ್ಕಿತು. ಡೆ ಮೊಯ್ನ್ ನಗರದ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡ. ಅರೀನಾ ಅಂದರೆ ಒಳಾಂಗಣದಲ್ಲಿ ಆಡುವ ಪುಟ್ಟ ಫುಟ್‌ಬಾಲ್. ಮೈದಾನದ ಉದ್ದ 100 ಗಜದ ಬದಲು 50 ಗಜ, ಅಗಲ 85 ಅಡಿ, ತಂಡಕ್ಕೆ 8 ಜನ, ಸುತ್ತ ಮೆತ್ತೆ ಹೊದಿಸಿದ ಗೋಡೆ. ದೊಡ್ಡವರು ಇದನ್ನು ಸರ್ಕಸ್ ಅಂತ ಆಡಿಕೊಳ್ಳುತ್ತಿದ್ದರು. ನನ್ನ ಪ್ರಕಾರ ವಾರ್ನರ್‌ನನ್ನು ವಾರ್ನರ್ ಮಾಡಿದ್ದೇ ಈ ಪುಟ್ಟ ಮೈದಾನ. ಜಾಗ ಕಮ್ಮಿ, ಎಲ್ಲರೂ ಹತ್ತಿರ ಹತ್ತಿರ. ಚೆಂಡು ಕೈಗೆ ಬಂದ ತಕ್ಷಣ ಕಳಿಸದಿದ್ದರೆ ಮೈಮೇಲೆ ಯಾರೋ ಬಿದ್ದಿರುತ್ತಾರೆ. ಅಲ್ಲಿ ಓಡುವ ಆಟ ಕಮ್ಮಿ, ಎಸೆತವೇ ಜಾಸ್ತಿ. ಮೂರು ವರ್ಷ ಅವನು ವಾರ ವಾರವೂ ಎಸೆದ. ತಂಡವನ್ನು 1996, 1997 ಎರಡೂ ವರ್ಷ ಫೈನಲ್‌ಗೆ ಒಯ್ದ, ಎರಡೂ ಸಲ ಸೋತ. ಫಾವ್ ಹಿಂದೆ ಫಲಕ ಹಿಡಿದು ಮೂರು ವರ್ಷ ನಿಂತಿದ್ದರೆ ಸಂಬಳ ಜಾಸ್ತಿ ಬರುತ್ತಿತ್ತು, ಕೈಗೆ ಆ ಚುರುಕು ಬರುತ್ತಿರಲಿಲ್ಲ.

ನಡುವೆ ಒಂದು ಎಡವಟ್ಟು. 1997ರಲ್ಲಿ ಷಿಕಾಗೋ ಬೇರ್ಸ್ ತಂಡ ಪರೀಕ್ಷೆಗೆ ಕರೆದಿತ್ತು. ಮಧುಚಂದ್ರಕ್ಕೆ ಹೋಗಿದ್ದಾಗ ಎಸೆಯುವ ಕೈಯ ಮೊಣಕೈಗೇ ಏನೋ ಹುಳ ಕಚ್ಚಿ ಊದಿಕೊಂಡಿತು, ಜೇಡ ಅಂತ ಹೇಳುತ್ತಾರೆ. ಪರೀಕ್ಷೆ ತಪ್ಪಿಹೋಯಿತು.

ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಅವನನ್ನು ಸೇರಿಸಿಕೊಂಡು 1998ರ ವಸಂತದಲ್ಲಿ ಯುರೋಪಿಗೆ ಕಳಿಸಿತು. ಆಗ ಎನ್ಎಫ್ಎಲ್ ಯುರೋಪಿನಲ್ಲಿ ಒಂದು ಚಿಕ್ಕ ಲೀಗ್ ನಡೆಸುತ್ತಿತ್ತು. ಆ್ಯಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್ ಪರ ಆಡಿದ ವಾರ್ನರ್ ಎಸೆತದಿಂದ ಗಳಿಸಿದ ಗಜಗಳಲ್ಲೂ ಟಚ್‌ಡೌನ್‌ಗಳಲ್ಲೂ ಆ ಲೀಗ್‌ಗೇ ಮೊದಲಿಗನಾದ. ಅಲ್ಲಿ ಅವನ ಹಿಂದೆ ಕೂತಿದ್ದ ಎರಡನೆಯವನ ಹೆಸರು ಜೇಕ್ ಡೆಲೋಮ್. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ. ವಾಪಸ್ ಬಂದ ಮೇಲೆ ರ‍್ಯಾಮ್ಸ್‌ನಲ್ಲಿ ಅವನು ಮೂರನೆಯವನು. ಇಡೀ ಸೀಸನ್‌ನಲ್ಲಿ ಒಂದೇ ಪಂದ್ಯದಲ್ಲಿ ಕೊಂಚ ಹೊತ್ತು ಆಡಿಸಿದರು. ಆ ವರ್ಷ ತಂಡ 16ರಲ್ಲಿ 12 ಪಂದ್ಯ ಸೋತಿತ್ತು, ಆದರೂ ಅವನ ಸರದಿ ಬರಲಿಲ್ಲ. 1999ರ ಆರಂಭದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೊಸ ತಂಡ ಬಂದಾಗ ಬೇರೆ ತಂಡಗಳು ತಮಗೆ ಬೇಡದ ಕೆಲವರ ಪಟ್ಟಿ ಕೊಡಬೇಕಿತ್ತು. ರ‍್ಯಾಮ್ಸ್ ಕೊಟ್ಟ ಪಟ್ಟಿಯಲ್ಲಿ ವಾರ್ನರ್ ಇದ್ದ. ಕ್ಲೀವ್‌ಲ್ಯಾಂಡ್‌ಗೂ ಬೇಡವಾದ.

ಅದೇ ವರ್ಷ ರ‍್ಯಾಮ್ಸ್ ತಂಡ ಟ್ರೆಂಟ್ ಗ್ರೀನ್ ಅನ್ನುವವನಿಗೆ ದೊಡ್ಡ ಹಣ ಕೊಟ್ಟು ಕರೆತಂದಿತು. ಆಗಸ್ಟ್ 28ರಂದು ಸೀಸನ್‌ಗೆ ಮುಂಚಿನ ತಾಲೀಮು ಪಂದ್ಯದಲ್ಲಿ ಸ್ಯಾನ್ ಡಿಯೇಗೋದ ರಾಡ್ನಿ ಹ್ಯಾರಿಸನ್ ಗ್ರೀನ್ ಕಾಲಿಗೆ ಬಂದು ಬಡಿದ. ಮಂಡಿಯ ಲಿಗಮೆಂಟ್ ಹರಿಯಿತು, ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಕೋಚ್ ಡಿಕ್ ವರ್ಮೀಲ್ ಕಣ್ಣೀರು ಹಾಕಿಕೊಂಡೇ ನಾವು ವಾರ್ನರ್ ಬೆನ್ನಿಗೆ ನಿಂತು ಒಳ್ಳೆಯ ಆಟ ಆಡುತ್ತೇವೆ ಅಂತ ಪತ್ರಿಕೆಯವರಿಗೆ ಹೇಳಿದ. ಕೇಳಿದವರು ಪಾಪ ಅಂದುಕೊಂಡರು, ಅಷ್ಟೇ.

ಹೌದು, ಇದು ಅದೃಷ್ಟ. ಅದೂ ಇನ್ನೊಬ್ಬನ ದುರದೃಷ್ಟದಿಂದ ಬಂದದ್ದು. ಈ ಕೆಲಸದಲ್ಲಿ ಬಾಗಿಲು ಹೆಚ್ಚಾಗಿ ತೆರೆಯುವುದೇ ಹಾಗೆ. ಟಾಮ್ ಬ್ರೇಡಿಯ ಹೆಸರು ನೀವೂ ಕೇಳಿರಬಹುದು. 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದ ಅವನಿಗೂ 2001ರಲ್ಲಿ ಜಾಗ ಸಿಕ್ಕಿದ್ದು ಡ್ರೂ ಬ್ಲೆಡ್ಸೋ ಗಾಯಗೊಂಡಾಗಲೇ. ಆದರೆ ಇನ್ನೊಂದು ಮಗ್ಗುಲು ನೋಡಿ. ಗಾಯದಿಂದ ಜಾಗ ಸಿಕ್ಕ ಎರಡನೆಯವರು ಪ್ರತಿ ವರ್ಷ ಹತ್ತಾರು ಮಂದಿ ಇರುತ್ತಾರೆ. ಎರಡು ಮೂರು ವಾರದಲ್ಲಿ ಬಣ್ಣ ಬಯಲಾಗಿ ಮತ್ತೆ ಬೆಂಚಿಗೆ ಹೋಗುತ್ತಾರೆ. ಅದೃಷ್ಟ ಬಾಗಿಲು ತೆರೆಯಿತು, ಅಲ್ಲಿಂದ ಮುಂದಿನದು ಬಾರ್ನ್‌ಸ್ಟಾರ್ಮರ್ಸ್‌ನಲ್ಲಿ ಕಲಿತ ಕಸುಬು.

ಜೊತೆಗೆ ತಂಡ. ಇದನ್ನು ಮರೆಯಬಾರದು. ಆ ವರ್ಷವೇ ಓಟಗಾರ ಮಾರ್ಷಲ್ ಫಾಕ್ ಬಂದಿದ್ದ, ಟೋರಿ ಹೋಲ್ಟ್ ಬಂದಿದ್ದ. ಐಸಾಕ್ ಬ್ರೂಸ್ ಮೊದಲೇ ಇದ್ದ. ಎಡಗಡೆ ರಕ್ಷಣೆಗೆ ಒರ್ಲಾಂಡೋ ಪೇಸ್ ಅನ್ನುವ ಬೆಟ್ಟದಂಥ ಆಸಾಮಿ. ಇವರಲ್ಲಿ ಫಾಕ್, ಬ್ರೂಸ್, ಪೇಸ್ ಮೂವರೂ ಇವತ್ತು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಅಂದರೆ ಈ ಆಟದ ಮಹಾನ್ ಆಟಗಾರರ ಗೌರವ ಪಟ್ಟಿಯಲ್ಲಿ. ದಾಳಿಯ ಯೋಜನೆ ಮೈಕ್ ಮಾರ್ಟ್ಸ್‌ನದು. ಅವನ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಹೆಜ್ಜೆ ಎಣಿಸುತ್ತಾನೆ, ಕೊನೆಯ ಹೆಜ್ಜೆ ಊರಿದ ಕೂಡಲೇ ಎಸೆಯುತ್ತಾನೆ. ಹಿಡಿಯುವವನು ಆಗ ಇನ್ನೂ ತಿರುಗಿಯೇ ಇರುವುದಿಲ್ಲ. ಅವನು ತಿರುಗುವ ಹೊತ್ತಿಗೆ ಚೆಂಡು ಮುಖದ ಮುಂದೆ ಇರಬೇಕು. ಕಣ್ಣಿಗೆ ಕಾಣುವ ಮನುಷ್ಯನಿಗಲ್ಲ, ಮನುಷ್ಯ ಬಂದು ಸೇರಬೇಕಾದ ಜಾಗಕ್ಕೆ ಎಸೆಯುವುದು. ವಾರ್ನರ್‌ಗೆ ಹೇಳಿ ಮಾಡಿಸಿದ ಪದ್ಧತಿ ಅದು.

28 ವರ್ಷದ ಆ ಹೊಸಬ 1999ರಲ್ಲಿ 4,353 ಗಜ, 41 ಟಚ್‌ಡೌನ್ ಎಸೆದ. ರ‍್ಯಾಮ್ಸ್ 13 ಪಂದ್ಯ ಗೆದ್ದು 3 ಸೋತಿತು. ಲೀಗ್‌ನ ಅತ್ಯುತ್ತಮ ಆಟಗಾರ ಅವನೇ. 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ 34ನೇ ಸೂಪರ್ ಬೌಲ್, ಅಂದರೆ ಎನ್ಎಫ್ಎಲ್‌ನ ಫೈನಲ್. ಎದುರಾಳಿ ಟೆನೆಸ್ಸೀ ಟೈಟನ್ಸ್. 16-0 ಮುಂದಿದ್ದ ರ‍್ಯಾಮ್ಸ್ ಕೊನೆಯಲ್ಲಿ 16-16ಕ್ಕೆ ಇಳಿದಿತ್ತು. ಎರಡು ನಿಮಿಷ ಚಿಲ್ಲರೆ ಬಾಕಿ. ಚೆಂಡು ಸಿಕ್ಕ ಮೊದಲ ಆಟದಲ್ಲೇ ವಾರ್ನರ್ ಬಲಗಡೆ ಉದ್ದಕ್ಕೆ ಎಸೆದ. ಎಸೆಯುವ ಗಳಿಗೆಯಲ್ಲಿ ಜೆವಾನ್ ಕರ್ಸ್ ಬಂದು ಬಡಿದದ್ದರಿಂದ ಚೆಂಡು ಹೋಗಬೇಕಾದಷ್ಟು ದೂರ ಹೋಗಲಿಲ್ಲ. ಬ್ರೂಸ್ ಅದನ್ನು ನೋಡಿ ವೇಗ ತಗ್ಗಿಸಿ ಹಿಂದಕ್ಕೆ ಬಂದ. ಅವನನ್ನು ಕಾಯುತ್ತಿದ್ದವನಿಗೆ ಅದು ಕಾಣಲೇ ಇಲ್ಲ. ಹಿಡಿದು, ಒಳಕ್ಕೆ ತಿರುಗಿ, ಓಡಿಯೇ ಓಡಿದ. 73 ಗಜ. ಎಸೆದವನು ಆಗ ನೆಲದ ಮೇಲೆ ಬಿದ್ದಿದ್ದ. ಆಮೇಲೆ ಟೈಟನ್ಸ್ ಗೆರೆಗೆ ಒಂದು ಗಜ ಇರುವವರೆಗೂ ಬಂದರು, ಮೈಕ್ ಜೋನ್ಸ್ ಕೊನೆಯ ಆಟದಲ್ಲಿ ಕೆವಿನ್ ಡೈಸನ್‌ನ ಕಾಲು ತಬ್ಬಿ ಕೆಡವಿದ. 23-16. ವಾರ್ನರ್ 414 ಗಜ ಎಸೆದಿದ್ದ. ಆವರೆಗೆ ಯಾವ ಸೂಪರ್ ಬೌಲ್‌ನಲ್ಲೂ ಯಾರೂ ಅಷ್ಟು ಎಸೆದಿರಲಿಲ್ಲ. ಆ ವರ್ಷ ಅವನ ಸಂಬಳ ಲೀಗ್‌ನ ಕನಿಷ್ಠದ ಆಸುಪಾಸಿನಲ್ಲೇ ಇತ್ತು.

ನಿಮ್ಮ ಮೊಮ್ಮಗ ಬಹುಶಃ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾನೆ. ಆದರೆ ಕ್ವಾರ್ಟರ್‌ಬ್ಯಾಕ್ ಬದುಕು ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಮುಂದಿನದನ್ನೇ ನೋಡಬೇಕು.

2001ರಲ್ಲಿ ಅವನು ಮತ್ತೆ ಅತ್ಯುತ್ತಮ ಆಟಗಾರ. 4,830 ಗಜ, 36 ಟಚ್‌ಡೌನ್. ತಂಡ 14 ಗೆದ್ದು 2 ಸೋತಿತು. ಆದರೆ ಎದುರಾಳಿಗಳ ಕೈಗೆ 22 ಸಲ ಚೆಂಡು ಕೊಟ್ಟಿದ್ದ, ಅದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ. ಸೂಪರ್ ಬೌಲ್‌ನಲ್ಲಿ ಎದುರಿಗೆ ಬ್ರೇಡಿಯ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಅವರು ಹಿಡಿಯುವವರನ್ನು ಗೆರೆಯಲ್ಲೇ ತಡೆದು ನೂಕಾಡಿದರು. ಆಗ ಹೆಜ್ಜೆಯ ಲೆಕ್ಕ ತಪ್ಪುತ್ತದೆ, ಚೆಂಡು ಹೋಗುವ ಜಾಗದಲ್ಲಿ ಮನುಷ್ಯ ಇರುವುದಿಲ್ಲ. ಟೈ ಲಾ ಒಂದು ಎಸೆತ ಕದ್ದು 47 ಗಜ ಓಡಿ ಅಂಕ ಮಾಡಿದ. 20-17 ಸೋಲು.

2002ರಲ್ಲಿ ಅವನು ಶುರು ಮಾಡಿದ ಆರೂ ಪಂದ್ಯ ಸೋಲು. 3 ಟಚ್‌ಡೌನ್, 11 ಇಂಟರ್‌ಸೆಪ್ಷನ್, ಅಂದರೆ 11 ಎಸೆತ ಎದುರಾಳಿಗಳ ಕೈಗೆ. ಎರಡು ವರ್ಷದ ಹಿಂದೆ ಮುರಿದಿದ್ದ ಬಲಗೈ ಕಿರುಬೆರಳು ಮತ್ತೆ ಮುರಿದಿತ್ತು. ಅವನ ಜಾಗಕ್ಕೆ ಬಂದ ಮಾರ್ಕ್ ಬಲ್ಜರ್ ಅದೇ ತಂಡ, ಅದೇ ಪದ್ಧತಿಯಲ್ಲಿ ಗೆಲ್ಲತೊಡಗಿದ. ಇಲ್ಲಿ ತಂಡದ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ, ವಾರ್ನರ್ ಕೈ ಹೋಗಿತ್ತು. 2003ರ ಮೊದಲ ಪಂದ್ಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಆರು ಸಲ ಚೆಂಡು ಕೈಜಾರಿಸಿದ. ಆಮೇಲೆ ನೋಡಿದರೆ ತಲೆಗೆ ಪೆಟ್ಟಾಗಿತ್ತು, ಆಸ್ಪತ್ರೆಗೆ ಸೇರಿಸಿದರು. ಮುಂದಿನ ವಾರದಿಂದ ಬಲ್ಜರ್ ಮೊದಲನೆಯವನು. 2004ರ ಜೂನ್‌ನಲ್ಲಿ ರ‍್ಯಾಮ್ಸ್ ಅವನನ್ನು ಬಿಟ್ಟುಬಿಟ್ಟಿತು. ದೊಡ್ಡ ಕರಾರು ಇತ್ತಲ್ಲ ಅಂತ ನೀವು ಕೇಳಬಹುದು. ಎನ್ಎಫ್ಎಲ್‌ನಲ್ಲಿ ಕರಾರಿನ ಮೊತ್ತ ಪತ್ರಿಕೆಯಲ್ಲಿ ಬಂದಷ್ಟೂ ಕೈಗೆ ಬರಬೇಕೆಂದಿಲ್ಲ. ಖಾತರಿ ಎಷ್ಟು ಅಂತ ಬರೆದಿರುತ್ತದೋ ಅಷ್ಟೇ ಗಟ್ಟಿ. ಉಳಿದದ್ದು ತಂಡ ಇಟ್ಟುಕೊಂಡರೆ ಉಂಟು, ಕಳಿಸಿದರೆ ಇಲ್ಲ.

ಜೈಂಟ್ಸ್ ಅವನನ್ನು ತೆಗೆದುಕೊಂಡದ್ದು ಆ ವರ್ಷವೇ ಬಂದಿದ್ದ ಈಲೈ ಮ್ಯಾನಿಂಗ್ ತಯಾರಾಗುವವರೆಗೆ ಜಾಗ ತುಂಬಲು. 5 ಗೆದ್ದು 4 ಸೋತಿದ್ದಾಗ, ಅಂದರೆ ಸೋಲಿಗಿಂತ ಗೆಲುವೇ ಹೆಚ್ಚಿದ್ದಾಗ, ಎಬ್ಬಿಸಿ ಕೂರಿಸಿದರು. 2005ರಲ್ಲಿ ಅರಿಜೋನಾ ಕಾರ್ಡಿನಲ್ಸ್‌ಗೆ ಹೋದ. 2006ರಲ್ಲಿ ಅವರು ಡ್ರಾಫ್ಟ್‌ನ 10ನೇ ಆಯ್ಕೆಯಾಗಿ ಮ್ಯಾಟ್ ಲೈನಾರ್ಟ್ ಅನ್ನುವ ಹುಡುಗನನ್ನು ತಂದರು, ವಾರ್ನರ್ ಮತ್ತೆ ಬೆಂಚಿಗೆ. ಎರಡು ಸಲ ಲೀಗ್‌ನ ಅತ್ಯುತ್ತಮ ಅನ್ನಿಸಿಕೊಂಡವನು 35ರಲ್ಲಿ ಹುಡುಗನೊಬ್ಬನ ಹಿಂದೆ ನಿಲ್ಲುವುದು ಸುಮ್ನೆ ಮಾತಲ್ಲ. ಈ ಕಾಲದ ವಾರ್ನರ್ ನನಗೆ 1999ರ ವಾರ್ನರ್‌ಗಿಂತ ದೊಡ್ಡವನಾಗಿ ಕಾಣುತ್ತಾನೆ. ಕೈಗೆ ಹಿಡಿತ ಬರಲಿ ಅಂತ ಎರಡೂ ಕೈಗೆ ಗ್ಲೌಸ್ ಹಾಕತೊಡಗಿದ. ಎಸೆಯುವ ಕೈಗೆ ಗ್ಲೌಸ್ ಹಾಕಿದರೆ ಚೆಂಡು ಬೆರಳಿಗೆ ಅಂಟುವ ಅನುಭವವೇ ಬದಲಾಗುತ್ತದೆ. ಹುಡುಗನಾಗಿದ್ದಾಗಿನಿಂದ ಬರಿಗೈಯಲ್ಲಿ ಎಸೆದವನು ಆ ವಯಸ್ಸಿನಲ್ಲಿ ಅದನ್ನು ಹೊಸದಾಗಿ ಕಲಿತ.

2007ರಲ್ಲಿ ಲೈನಾರ್ಟ್‌ನ ಕೊರಳೆಲುಬು ಮುರಿಯಿತು. ಮತ್ತೊಬ್ಬನ ಗಾಯ, ಮತ್ತೆ ವಾರ್ನರ್. 2008ರಲ್ಲಿ ಇಬ್ಬರೂ ಗಟ್ಟಿಯಾಗಿದ್ದಾಗಲೇ ಪೈಪೋಟಿಯಲ್ಲಿ ಜಾಗ ಗೆದ್ದುಕೊಂಡ. ಅದಕ್ಕೆ ಯಾರ ಗಾಯವೂ ಬೇಕಾಗಲಿಲ್ಲ. 4,583 ಗಜ, 30 ಟಚ್‌ಡೌನ್. ಪ್ಲೇಆಫ್‌ನಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಎದುರು ಬಂದರು. ಅವರ ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತಾ? ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಹಿಂದೆ ಕೂತಿದ್ದ ಅದೇ ಜೇಕ್ ಡೆಲೋಮ್. ಅವನೂ ಅಷ್ಟರಲ್ಲಿ ಒಂದು ಸೂಪರ್ ಬೌಲ್ ಆಡಿದ್ದ. ಅವತ್ತು ಅವನ 34ನೇ ಹುಟ್ಟುಹಬ್ಬ. ಐದು ಎಸೆತ ಎದುರಾಳಿಗಳ ಪಾಲಾದವು, 33-13ರಲ್ಲಿ ತಂಡ ಸೋತಿತು. ಅಲ್ಲಿಂದ ಅವನ ವೃತ್ತಿ ಇಳಿದದ್ದು ಮತ್ತೆ ಮೇಲೇಳಲಿಲ್ಲ. ಯುರೋಪಿನ ಒಂದೇ ತಂಡದ ಇಬ್ಬರು, ಒಂದು ಸಂಜೆ, ಒಬ್ಬ ಮೇಲಕ್ಕೆ, ಇನ್ನೊಬ್ಬ ಕೆಳಕ್ಕೆ.

2009ರ ಫೆಬ್ರವರಿ 1, ಟ್ಯಾಂಪಾ. 43ನೇ ಸೂಪರ್ ಬೌಲ್, ಎದುರು ಪಿಟ್ಸ್‌ಬರ್ಗ್ ಸ್ಟೀಲರ್ಸ್. ನಾನು ಮೊದಲು ಹೇಳಿದ, ಎದುರಾಳಿಗಳನ್ನು 'ಓದುವ' ಕೆಲಸ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಇಲ್ಲಿನ ಒಂದು ಆಟ ಸಾಕು. ಮೊದಲರ್ಧ ಮುಗಿಯಲು 18 ಸೆಕೆಂಡ್. ಅರಿಜೋನಾ 7-10 ಹಿಂದೆ. ಟಚ್‌ಡೌನ್ ಗೆರೆಗೆ ಒಂದೆರಡು ಗಜ. ಸ್ಟೀಲರ್ಸ್ ಗುಂಪಾಗಿ ನುಗ್ಗುವ ಹಾಗೆ ನಿಂತಿದ್ದಾರೆ. ಅವರಲ್ಲಿ ಜೇಮ್ಸ್ ಹ್ಯಾರಿಸನ್ ಒಬ್ಬ, ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ. ಅವನು ನುಗ್ಗಿದರೆ ಅವನ ಬೆನ್ನ ಹಿಂದೆ ಜಾಗ ಖಾಲಿ, ಅಲ್ಲಿಗೆ ಆಂಕ್ವಾನ್ ಬೋಲ್ಡಿನ್ ಓಡಿ ಬರುತ್ತಾನೆ. ವಾರ್ನರ್ ಓದಿದ್ದು ಇಷ್ಟು, ಓದಿದ್ದು ಸರಿಯಾಗಿಯೇ ಇತ್ತು. ಆದರೆ ಹ್ಯಾರಿಸನ್ ನುಗ್ಗುವಂತೆ ಮಾಡಿ ನುಗ್ಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಜಾರಿದ. ಚೆಂಡು ಸೀದಾ ಅವನ ಕೈಗೆ ಬಂತು. ಅಷ್ಟು ದೊಡ್ಡ ಮೈಯ ಮನುಷ್ಯ 100 ಗಜ ಓಡಿ ಆ ತುದಿಯ ಗೆರೆಯ ಮೇಲೆ ಬಿದ್ದ. ಏದುಸಿರು ಬಿಡುತ್ತ ಮಲಗೇ ಇದ್ದ. 14-10 ಆಗಬೇಕಾಗಿದ್ದದ್ದು 7-17 ಆಯಿತು.

ಹಾಗಾದರೂ ವಾರ್ನರ್ ಕೈಬಿಡಲಿಲ್ಲ. ಕೊನೆಗೆ ಎರಡೂವರೆ ನಿಮಿಷ ಬಾಕಿ ಇದ್ದಾಗ ಲ್ಯಾರಿ ಫಿಟ್ಜ್‌ಜೆರಾಲ್ಡ್‌ಗೆ ಎಸೆದ ಚೆಂಡು 64 ಗಜದ ಟಚ್‌ಡೌನ್ ಆಗಿ 23-20 ಮುನ್ನಡೆ ಸಿಕ್ಕಿತ್ತು. 35 ಸೆಕೆಂಡ್ ಇದ್ದಾಗ ಸ್ಯಾಂಟೋನಿಯೋ ಹೋಮ್ಸ್ ಮೂಲೆಯಲ್ಲಿ ತುದಿಗಾಲಲ್ಲಿ ನಿಂತು ಹಿಡಿದ ಕ್ಯಾಚು ಕಪ್ಪನ್ನು ಪಿಟ್ಸ್‌ಬರ್ಗ್‌ಗೆ ಒಯ್ದಿತು. 27-23. ವಾರ್ನರ್ 377 ಗಜ ಎಸೆದು ಸೋತ.

ಕೊನೆಯ ವರ್ಷ ಬೇಗ ಹೇಳಿಬಿಡುತ್ತೇನೆ. 2010ರ ಜನವರಿಯಲ್ಲಿ ಪ್ಯಾಕರ್ಸ್ ವಿರುದ್ಧ, ಹೌದು, ಮೊದಲು ಮನೆಗೆ ಕಳಿಸಿದ ಅದೇ ಪ್ಯಾಕರ್ಸ್, 33 ಎಸೆತದಲ್ಲಿ 29 ಗುರಿ ಮುಟ್ಟಿದವು, 5 ಟಚ್‌ಡೌನ್. ತಪ್ಪಿದ ಎಸೆತಕ್ಕಿಂತ ಟಚ್‌ಡೌನ್ ಜಾಸ್ತಿ! 51-45 ಗೆಲುವು. ಅದನ್ನು ನಾನು ನೋಡಿದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಆಟಗಳಲ್ಲಿ ಒಂದು ಅಂತ ಧೈರ್ಯವಾಗಿ ಹೇಳುತ್ತೇನೆ. ಮುಂದಿನ ವಾರ ನ್ಯೂ ಆರ್ಲಿನ್ಸ್‌ನಲ್ಲಿ ಅವನ ಎಸೆತವನ್ನು ಎದುರಾಳಿ ಹಿಡಿದು ಓಡತೊಡಗಿದಾಗ ತಡೆಯಲು ಹೋದ ವಾರ್ನರ್‌ನ ಎದೆಗೆ ಬಾಬಿ ಮೆಕ್ರೇ ಬಂದು ಗುದ್ದಿದ. ಚೆಲ್ಲಾಪಿಲ್ಲಿಯಾಗಿ ಬಿದ್ದ. ಅದೇ ಸೀಸನ್‌ನ ನವೆಂಬರ್‌ನಲ್ಲಿ ಇನ್ನೊಮ್ಮೆ ತಲೆಗೆ ಪೆಟ್ಟಾಗಿ ಒಂದು ಪಂದ್ಯ ತಪ್ಪಿಸಿಕೊಂಡಿದ್ದ. ಜನವರಿ 29ಕ್ಕೆ ನಿವೃತ್ತಿ ಹೇಳಿದ. ಕರಾರಿನಲ್ಲಿ ಇನ್ನೊಂದು ವರ್ಷ ಬಾಕಿ ಇತ್ತು, ಅದರ ಹಣ ಬಿಟ್ಟು ಹೋದ. 2017ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು.

ಈಗ ನಿಮ್ಮ ಕೊನೆಯ ಪ್ರಶ್ನೆ: ನೆಚ್ಚಿಕೊಂಡು ಬದುಕಬಹುದಾ? ಪೂರ್ತಿ ಅದನ್ನೇ ನೆಚ್ಚಬಾರದು ಅಂತ ನೇರವಾಗಿ ಹೇಳುತ್ತೇನೆ. ವಾರ್ನರ್ 12 ಸೀಸನ್‌ನಲ್ಲಿ ಮೂರು ತಂಡ ಕಂಡ. ಪ್ರತಿ ತಂಡದಲ್ಲೂ ಕನಿಷ್ಠ ಒಂದು ಸಲ ಅವನ ಜಾಗ ಇನ್ನೊಬ್ಬನಿಗೆ ಹೋಯಿತು. ಅವನು ಈ ಕಸುಬಿನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ, ಅವನ ಕಥೆಯೇ ಹೀಗೆ. ಹಾಗಂತ ಎರಡನೆಯವನಾಗಿ ಬದುಕು ನಡೆಸುವ ದಾರಿಯೂ ಇಲ್ಲದಿಲ್ಲ. ಚೇಸ್ ಡೇನಿಯಲ್ ಅನ್ನುವವನು ಹತ್ತು ವರ್ಷಕ್ಕೂ ಮೀರಿ ಈ ಲೀಗ್‌ನಲ್ಲಿದ್ದ, ಮೊದಲನೆಯವನಾಗಿ ಇಳಿದದ್ದು ಬರೀ 5 ಪಂದ್ಯಕ್ಕೆ. ಎದುರಾಳಿಗಳ ವಿಡಿಯೋ ನೋಡಿ ಮೊದಲನೆಯವನನ್ನು ತಯಾರು ಮಾಡುವುದೇ ಅವನ ಕಸುಬಾಗಿತ್ತು, ಅದಕ್ಕೆ ಕೈತುಂಬ ಸಂಬಳ ಕೊಟ್ಟರು. ಆದರೆ ಅಂಥ ಕುರ್ಚಿಗಳೂ ಬೆರಳೆಣಿಕೆಯಷ್ಟು.

ಹುಡುಗನ ಮಟ್ಟಿಗೆ ನಾನು ಹೇಳುವುದು ಎರಡು. ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದೆ ಎನ್ಎಫ್ಎಲ್ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಕಾಲೇಜು ಹೇಗಿದ್ದರೂ ನಡುವೆ ಇದೆ. ಕಾಲೇಜು ಆರಿಸುವಾಗ ದೊಡ್ಡ ಹೆಸರಿನ ಹಿಂದೆ ಹೋಗಿ ನಾಲ್ಕು ವರ್ಷ ಬೆಂಚು ಕಾಯುವುದಕ್ಕಿಂತ ಆಡಿಸುವ ಕಡೆ, ಜೊತೆಗೆ ಓದೂ ಚೆನ್ನಾಗಿರುವ ಕಡೆ ಹೋಗಲಿ. ಇನ್ನೊಂದು, ತಲೆ. 2009ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ಕಾನೂನು ಈಗ ಎಲ್ಲ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿದೆ: ಶಾಲಾ ಆಟದಲ್ಲಿ ಹುಡುಗನ ತಲೆಗೆ ಪೆಟ್ಟಾಗಿದೆ ಅನ್ನುವ ಅನುಮಾನ ಬಂದರೂ ಸಾಕು, ಅವನನ್ನು ಆಚೆ ಕರೆಯಬೇಕು, ಬಲ್ಲವರು ಪರೀಕ್ಷಿಸಿ ಸರಿ ಅನ್ನುವವರೆಗೆ ಇಳಿಸಬಾರದು. ತೊಂದರೆ ಏನೆಂದರೆ ಜಾಗ ಹೋದೀತು ಅಂತ ಹೆದರಿ ಹುಡುಗರೇ ಮುಚ್ಚಿಡುತ್ತಾರೆ. ನಿಮ್ಮ ಹುಡುಗ ನಿಮಗೆ ಫೋನಿನಲ್ಲಿ ಎಲ್ಲ ಹೇಳುತ್ತಾನೆ ಅನ್ನಿಸುತ್ತದೆ, ಕೋಚ್‌ಗೆ ಹೇಳದ್ದನ್ನೂ ಹೇಳಬಹುದು. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ನಿದ್ದೆ ಏರುಪೇರು, ಇವು ಇದ್ದಾವಾ ಅಂತ ಪ್ರತಿ ಸಲ ಕೇಳಿ. ಮಗಳಿಗೂ ತಿಳಿಸಿ.

ವಾರ್ನರ್ ಕೂಡ 2012ರಲ್ಲಿ ತನ್ನ ಮಕ್ಕಳು ಈ ಆಟ ಆಡುವುದಕ್ಕೆ ತನಗೆ ಹೆದರಿಕೆ ಆಗುತ್ತದೆ ಅಂತ ಬಹಿರಂಗವಾಗಿ ಹೇಳಿ ಹಳೆಯ ಆಟಗಾರರಿಂದ ಬೈಸಿಕೊಂಡಿದ್ದ. ಆಮೇಲೆ ಅವನ ಮಗ ಇ.ಜೆ. ವಾರ್ನರ್ ಟೆಂಪಲ್ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ರೈಸ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿಯೇ ಹೋದ. ಅಪ್ಪ ತಡೆಯಲಿಲ್ಲ. ನೀವೂ ತಡೆಯಬೇಡಿ ಮೇಷ್ಟ್ರೇ, ಆಡಲಿ. ಮುಂದಿನ ಸಲ ಅವನು ಫೋನ್ ಮಾಡಿದಾಗ ಬಾರ್ನ್‌ಸ್ಟಾರ್ಮರ್ಸ್ ಬಗ್ಗೆ ನಿನಗೇನು ಗೊತ್ತು ಅಂತ ಕೇಳಿ ನೋಡಿ.